ದಣಿದ ಹೃದಯಕ್ಕೆ ‘ಇನ್ನೂ ಓಡು’ ಅನ್ನೋದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ? ಹಾಗಾದ್ರೆ ಒಂದು ಸಣ್ಣ ಕೆಲಸ. ಗಾಡಿ ಓಡಿಸ್ತಾ ಇದ್ರೆ ಬೇಡ, ಆಮೇಲೆ ಮಾಡಿ. ಎಡಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಬಲಗೈಯ ಎರಡು ಬೆರಳು ಇಡಿ. ನಾಡಿ ಸಿಕ್ತಾ? ಈಗ ನಿಧಾನಕ್ಕೆ ಉಸಿರು ಒಳಗೆ ಎಳ್ಕೊಳ್ಳಿ. ಹಾಗೇ ನಿಧಾನಕ್ಕೆ ಹೊರಗೆ ಬಿಡಿ. ಗಮನ ಇಟ್ಟು ನೋಡಿದ್ರೆ ಗೊತ್ತಾಗುತ್ತೆ: ಉಸಿರು ಎಳ್ಕೊಂಡಾಗ ಬಡಿತ ಸ್ವಲ್ಪ ಚುರುಕಾಗುತ್ತೆ, ಬಿಟ್ಟಾಗ ಸ್ವಲ್ಪ ನಿಧಾನ ಆಗುತ್ತೆ. ವಯಸ್ಸು ಚಿಕ್ಕದಿದ್ದಷ್ಟೂ ಈ ವ್ಯತ್ಯಾಸ ಚೆನ್ನಾಗಿ ಸಿಗುತ್ತೆ.

ಇದು ಕಾಯಿಲೆ ಅಲ್ಲ, ಆರೋಗ್ಯದ ಲಕ್ಷಣ. ಹೃದಯ ಗಡಿಯಾರದ ಹಾಗೆ ಒಂದೇ ಸಮ ಟಿಕ್ ಟಿಕ್ ಅನ್ನಲ್ಲ. ಯಾರೋ ಅದರ ಮೇಲೆ ಕೈ ಇಟ್ಟು ಕ್ಷಣಕ್ಷಣಕ್ಕೂ ‘ಸ್ವಲ್ಪ ಜೋರು, ಸ್ವಲ್ಪ ನಿಧಾನ’ ಅಂತ ಹೇಳ್ತಾನೇ ಇರ್ತಾರೆ. ಆ ಕೈ ಯಾರದ್ದು, ಹೃದಯ ಸೋತಾಗ ಅದೇ ಕೈ ಹೇಗೆ ಹೃದಯಕ್ಕೆ ಮುಳುವಾಗುತ್ತೆ, ಅದನ್ನ ತಡೆಯೋಕೆ ವೈದ್ಯರು ಹೇಗೆ ತಮ್ಮದೇ ಪಠ್ಯಪುಸ್ತಕದ ವಿರುದ್ಧ ಹೋದ್ರು ಅನ್ನೋದು ಈ ಸಂಚಿಕೆ. ನಾನು ಬಿ.ಕಾಂ. ಓದಿದವಳು, ಡಾಕ್ಟರ್ ಅಲ್ಲ. ಹಾಗಾಗಿ ಮಧ್ಯೆ ಮಧ್ಯೆ ಅಂಗಡಿ ಲೆಕ್ಕ ಬರುತ್ತೆ, ಸಹಿಸ್ಕೊಳ್ಳಿ.

ಮೂರು ಪದ, ಮೂರು ಬೇರೆ ಸಂಗತಿ

ಮೊದಲು ಪದಗಳನ್ನ ಬಿಡಿಸ್ಕೊಳ್ಳೋಣ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಹೋದಾಗ ‘ಹೃದಯಾಘಾತ’, ‘ಹೃದಯ ಸ್ತಂಭನ’ ಎರಡೂ ಪದ ಒಂದೇ ಅರ್ಥ ಅನ್ನೋ ಹಾಗೆ ಎಲ್ಲರ ಬಾಯಲ್ಲೂ ಓಡಾಡಿದ್ವು. ಎರಡೂ ಒಂದಲ್ಲ. ಇವತ್ತಿನ ನಮ್ಮ ವಿಷಯ ಮೂರನೇದು, ‘ಹೃದಯ ವೈಫಲ್ಯ’, ಅಂದ್ರೆ ಹಾರ್ಟ್ ಫೇಲ್ಯೂರ್.

ಹಾರ್ಟ್ ಅಟ್ಯಾಕ್ ಪೈಪಿನ ಸಮಸ್ಯೆ. ಹೃದಯದ ಸ್ನಾಯುವಿಗೇ ರಕ್ತ ಕೊಡೋ ನಾಳ ಕಟ್ಕೊಳ್ಳುತ್ತೆ, ಆ ಭಾಗದ ಸ್ನಾಯು ಸಾಯೋಕೆ ಶುರುವಾಗುತ್ತೆ. ಕಾರ್ಡಿಯಾಕ್ ಅರೆಸ್ಟ್ ಹೆಚ್ಚಾಗಿ ಕರೆಂಟಿನ ಸಮಸ್ಯೆ. ವಿದ್ಯುತ್ ಸಂಕೇತ ಅಡ್ಡಾದಿಡ್ಡಿಯಾಗಿ ಹೃದಯ ಬರೀ ನಡುಗುತ್ತೆ, ರಕ್ತ ಹೊರಗೆ ಹೋಗಲ್ಲ, ಆಸಾಮಿ ಕುಸಿದು ಬೀಳ್ತಾರೆ. ಹಾರ್ಟ್ ಫೇಲ್ಯೂರ್ ಪಂಪಿನ ಸಮಸ್ಯೆ. ಹೆಸರು ಕೇಳಿದ್ರೆ ಹೃದಯ ನಿಂತೇ ಹೋಯ್ತು ಅನ್ಸುತ್ತೆ, ಆದ್ರೆ ನಿಂತಿರಲ್ಲ. ದೇಹ ಕೇಳಿದಷ್ಟು ರಕ್ತ ಕಳಿಸೋಕೆ ಆಗ್ತಿರಲ್ಲ, ಅಷ್ಟೇ. ಇದರ ಜೊತೆ ಜನ ವರ್ಷಗಟ್ಟಲೆ ಬದುಕ್ತಾರೆ. ಹಳೇ ಹಾರ್ಟ್ ಅಟ್ಯಾಕ್, ಹಿಡಿತಕ್ಕೆ ಬಾರದ ಬಿಪಿ, ಕವಾಟದ ತೊಂದರೆ, ಸ್ನಾಯುವಿನ ಕಾಯಿಲೆ, ವಿಪರೀತ ಕುಡಿತ, ಹೀಗೆ ಕಾರಣ ಹಲವು.

ಆರೋಗ್ಯವಂತ ಹೃದಯದ ಎಡ ಕೆಳಕೋಣೆ, ಅಂದ್ರೆ ಎಡ ಹೃತ್ಕುಕ್ಷಿ, ತುಂಬಿದಾಗ ಹೆಚ್ಚುಕಮ್ಮಿ 120 ಮಿಲಿ ರಕ್ತ ಇರುತ್ತೆ. ಒಂದು ಬಡಿತಕ್ಕೆ ಅದರಲ್ಲಿ 70 ಮಿಲಿ ಹೊರಗೆ ಹೋಗುತ್ತೆ. ನಿಮಿಷಕ್ಕೆ 72 ಬಡಿತ ಅಂದ್ರೆ 5 ಲೀಟರ್. ದಿನಕ್ಕೆ 1 ಲಕ್ಷ ಬಡಿತ, 7,000 ಲೀಟರ್ ದಾಟುತ್ತೆ. ಒಂದು ವಾಟರ್ ಟ್ಯಾಂಕರ್ ತುಂಬೋಷ್ಟು.

120ರಲ್ಲಿ 70 ಅಂದ್ರೆ ಶೇ 58. ಎಕೋ ರಿಪೋರ್ಟಿನಲ್ಲಿ ‘ಇಎಫ್’ ಅಂತ ಬರೆದಿರ್ತಾರಲ್ಲ, ಅದು ಇದೇ ಲೆಕ್ಕ. ಇಲ್ಲಿ ನೂರಕ್ಕೆ ನೂರು ಯಾರಿಗೂ ಬರಲ್ಲ. 55ರ ಮೇಲಿದ್ರೆ ಸಾಮಾನ್ಯ. 40 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಪಂಪ್ ದುರ್ಬಲ ಆಗಿದೆ ಅಂತ. ಇಎಫ್ ಸರಿ ಇದ್ದೂ ಸ್ನಾಯು ಗಡುಸಾಗಿ ಹೃದಯ ಸರಿಯಾಗಿ ತುಂಬಿಕೊಳ್ಳದೇ ಇರೋ ಇನ್ನೊಂದು ಬಗೆಯ ವೈಫಲ್ಯವೂ ಇದೆ. ಇವತ್ತು ನಾನು ಹೇಳ್ತಿರೋದು ಇಎಫ್ ಕಡಿಮೆ ಆಗಿರೋ ಬಗೆ.

ಕರೆಂಟ್ ಎಲ್ಲಿಂದ ಬರುತ್ತೆ?

ಹೃದಯಕ್ಕೆ ಹೊರಗಿನಿಂದ ಕರೆಂಟ್ ಬೇಡ. ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಅನ್ನೋ ಪುಟ್ಟ ಜೀವಕೋಶಗಳ ಗುಂಪಿದೆ. ತಾನೇ ಚಾರ್ಜ್ ಆಗಿ, ತಾನೇ ಸಂಕೇತ ಬಿಡುತ್ತೆ. ಇದನ್ನ 1907ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಆಗ ಇನ್ನೂ ಮೆಡಿಕಲ್ ವಿದ್ಯಾರ್ಥಿ. ಬಿಲ ತೋಡೋ ಮೋಲ್ ಅನ್ನೋ ಪುಟ್ಟ ಪ್ರಾಣಿಯ ಹೃದಯವನ್ನ ಮೈಕ್ರೋಸ್ಕೋಪ್ ಕೆಳಗೆ ನೋಡ್ತಾ ಇದ್ದಾಗ ಅದು ಕಣ್ಣಿಗೆ ಬಿತ್ತು.

ಅಲ್ಲಿಂದ ಹೊರಟ ಸಂಕೇತ ಮೊದಲು ಮೇಲಿನ ಎರಡು ಕೋಣೆಗಳಿಗೆ ಹರಡುತ್ತೆ. ಆಮೇಲೆ ಮಧ್ಯದ ಎವಿ ನೋಡ್ ಹತ್ರ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ತಡೆಯುತ್ತೆ. ಮೇಲಿನ ಕೋಣೆ ಖಾಲಿಯಾಗಿ ಕೆಳಗಿನದು ತುಂಬಲಿ ಅಂತ ಈ ತಡ. ನಂತರ ಎಡ-ಬಲ ತಂತುಗಳ ಮೂಲಕ ಕೆಳಗಿನ ಎರಡೂ ಕೋಣೆಗೆ ಒಟ್ಟಿಗೇ ತಲುಪುತ್ತೆ, ಎರಡೂ ಒಟ್ಟಿಗೇ ಹಿಂಡುತ್ವೆ. ಇಸಿಜಿ ಕಾಗದದಲ್ಲಿ ಮೊದಲು ಬರೋ ಸಣ್ಣ ಗುಡ್ಡ ಮೇಲಿನ ಕೋಣೆಯದು, ಆಮೇಲಿನ ಚೂಪು ಶಿಖರ ಕೆಳಗಿನ ಕೋಣೆಯದು, ಕೊನೇ ಗುಡ್ಡ ಮತ್ತೆ ಚಾರ್ಜ್ ಆಗೋದು.

ಈ ಸೈನಸ್ ನೋಡನ್ನ ಅದರ ಪಾಡಿಗೆ ಬಿಟ್ರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತೆ. ಹೃದಯ ಕಸಿ ಮಾಡಿಸ್ಕೊಂಡವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತೆ. ದಾನಿಯ ಹೃದಯ ತೆಗೆಯುವಾಗ ನರಗಳನ್ನ ಕತ್ತರಿಸಲೇಬೇಕು. ಅದಕ್ಕೇ ಅಂಥವರ ನಾಡಿ ಸುಮ್ನೆ ಕೂತಿದ್ರೂ 90–100ರ ಆಸುಪಾಸಿನಲ್ಲಿ ಇರುತ್ತೆ. ಮೆಟ್ಟಿಲು ಹತ್ತಿದ್ರೆ ತಕ್ಷಣ ಏರಲ್ಲ, ರಕ್ತದಲ್ಲಿ ಹಾರ್ಮೋನ್ ಬಂದು ತಲುಪಿದ ಮೇಲೆ ನಿಧಾನಕ್ಕೆ ಏರುತ್ತೆ.

ಹಾಗಾದ್ರೆ ನಮ್ಮ ನಿಮ್ಮ ನಾಡಿ 70ರಲ್ಲಿ ಇರೋದು ಹೇಗೆ? ಯಾರೋ ಬ್ರೇಕ್ ಹಿಡಿದಿದ್ದಾರೆ.

ಹೆಸರಲ್ಲಿ ವೇಗ, ಕೆಲಸದಲ್ಲಿ ಬ್ರೇಕ್

ಆ ಬ್ರೇಕಿನ ಹೆಸರು ವೇಗಸ್ ನರ. ಕನ್ನಡದ ಕಿವಿಗೆ ‘ವೇಗ’ ಅಂತ ಕೇಳಿಸುತ್ತೆ, ಮಾಡೋದು ಮಾತ್ರ ತದ್ವಿರುದ್ಧ. ಲ್ಯಾಟಿನ್‌ನಲ್ಲಿ ‘ವೇಗಸ್’ ಅಂದ್ರೆ ಅಲೆಮಾರಿ. ಮಿದುಳಿನ ಕಾಂಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆ ಎಲ್ಲ ಅಲೆದಾಡೋದಕ್ಕೆ ಆ ಹೆಸರು.

ಇದಕ್ಕೆ ಎದುರು ಪಕ್ಷ ಸಿಂಪಥೆಟಿಕ್ ನರಗಳು, ಅವು ಆಕ್ಸಿಲರೇಟರ್. ಬೀದಿನಾಯಿ ಅಟ್ಟಿಸ್ಕೊಂಡು ಬಂದಾಗ ಎದೆ ಢವಢವ ಅನ್ನೋದು ಇವುಗಳ ಕೆಲಸ. ಇವೆರಡೂ ಸೇರಿದ ವ್ಯವಸ್ಥೆಯೇ ಸ್ವಯಂಚಾಲಿತ ನರವ್ಯವಸ್ಥೆ. ನಮ್ಮ ಅಪ್ಪಣೆಗೆ ಕಾಯಲ್ಲ.

ಈ ನರಗಳು ಹೃದಯದ ಜೊತೆ ಮಾತಾಡೋದು ಕರೆಂಟಿನಿಂದಲಾ, ರಾಸಾಯನಿಕದಿಂದಲಾ ಅನ್ನೋ ಜಗಳ ಬಹಳ ದಿನ ಇತ್ತು. ಅದನ್ನ ಬಗೆಹರಿಸಿದ್ದು ಎರಡು ಕಪ್ಪೆ ಹೃದಯ. ಆಸ್ಟ್ರಿಯಾದ ಗ್ರಾಜ್ ಊರಲ್ಲಿ ಓಟೋ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ನರ ಕೆರಳಿಸಿದ, ಬಡಿತ ನಿಧಾನ ಆಯ್ತು. ಆ ಹೃದಯ ಮುಳುಗಿದ್ದ ದ್ರವವನ್ನ ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದ. ಅದಕ್ಕೆ ಯಾವ ನರವನ್ನೂ ಮುಟ್ಟಿರಲಿಲ್ಲ, ಆದ್ರೂ ನಿಧಾನ ಆಯ್ತು. ಅಂದ್ರೆ ನರ ಒಂದು ರಾಸಾಯನಿಕ ಸುರಿಸುತ್ತೆ. 1921ರಲ್ಲಿ ಇದು ಪ್ರಕಟವಾಯ್ತು, 1936ರಲ್ಲಿ ಲೋವಿಗೆ ನೊಬೆಲ್ ಬಂತು. ಬ್ರೇಕಿನ ರಾಸಾಯನಿಕ ಅಸಿಟೈಲ್‌ಕೋಲಿನ್. ಆಕ್ಸಿಲರೇಟರಿನದ್ದು ನಾರ್‌ಅಡ್ರಿನಲಿನ್. ಅದು ಹೃದಯದ ಜೀವಕೋಶದ ಮೇಲಿರೋ ‘ಬೀಟಾ’ ಅನ್ನೋ ಗ್ರಾಹಕಗಳಿಗೆ ಬೀಗಕ್ಕೆ ಕೀಲಿ ಕೂರೋ ಹಾಗೆ ಕೂರುತ್ತೆ. ಈ ಬೀಟಾ ಅನ್ನೋ ಪದ ನೆನಪಿಡಿ, ಮುಂದೆ ಬೇಕು.

ದೇಹದ ತಪ್ಪು ಲೆಕ್ಕ

ಈಗ ಹೃದಯ ದುರ್ಬಲ ಆಯ್ತು ಅನ್ಕೊಳ್ಳಿ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡೋ ಮಹಾಪಧಮನಿಯಲ್ಲಿ ಒತ್ತಡ ಅಳೆಯೋ ಸೆನ್ಸರುಗಳಿವೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸ್ತವೆ: ‘ಒತ್ತಡ ಬೀಳ್ತಾ ಇದೆ’. ಯಾಕೆ ಅಂತ ಅವಕ್ಕೆ ಗೊತ್ತಿಲ್ಲ. ಮಿದುಳಿನ ಹತ್ರ ಈ ಸುದ್ದಿಗೆ ಇರೋದು ಒಂದೇ ಹಳೇ ಉತ್ತರ, ಗಾಯ ಆಗಿ ರಕ್ತ ಸೋರ್ತಾ ಇದೆ ಅನ್ನೋ ಉತ್ತರ. ತಕ್ಷಣ ತುರ್ತು ಪರಿಸ್ಥಿತಿ ಘೋಷಣೆ.

ವ್ಯಾಪಾರ ಬಿದ್ದುಹೋದ ಅಂಗಡಿ ಮಾಲೀಕ ಏನು ಮಾಡ್ತಾನೆ ನೋಡಿ. ಒಂದು, ರಾತ್ರಿ ಹನ್ನೆರಡರ ತನಕ ಅಂಗಡಿ ತೆಗೆದಿಡ್ತಾನೆ. ಎರಡು, ಬಾಡಿಗೆ, ಸಂಬಳ ಎಲ್ಲ ತಡ ಮಾಡ್ತಾನೆ. ಮೂರು, ಸಾಲದಲ್ಲಿ ಮಾಲು ತಂದು ತುಂಬಿಸ್ತಾನೆ. ದೇಹ ಮಾಡೋದೂ ಇದೇ ಮೂರು. ಒಂದು, ಆಕ್ಸಿಲರೇಟರ್ ಒತ್ತಿ ಬಡಿತ ಏರಿಸುತ್ತೆ. ಎರಡು, ರಕ್ತನಾಳ ಬಿಗಿ ಮಾಡಿ ಕೈಕಾಲು, ಹೊಟ್ಟೆಗೆ ರಕ್ತ ಕಡಿಮೆ ಮಾಡುತ್ತೆ. ಮೂರು, ಕಿಡ್ನಿಗೆ ಹೇಳಿ ಉಪ್ಪು-ನೀರು ಹಿಡಿದಿಟ್ಕೊಳ್ಳುತ್ತೆ.

ನಿಜವಾಗ್ಲೂ ರಕ್ತ ಸೋರ್ತಿದ್ರೆ ಈ ಮೂರೂ ಜೀವ ಉಳಿಸ್ತವೆ. ಒಂದೆರಡು ಗಂಟೆ, ಒಂದೆರಡು ದಿನದ ಮಟ್ಟಿಗೆ ಇದು ಸರಿ. ಆದ್ರೆ ಇಲ್ಲಿ ಸೋರಿಕೆ ಇಲ್ಲ, ಪಂಪೇ ಸೋತಿದೆ. ತುರ್ತು ಪರಿಸ್ಥಿತಿ ತಿಂಗಳುಗಟ್ಟಲೆ ಮುಗಿಯಲ್ಲ. ಆಗ ಬಡ್ಡಿ ಏರುತ್ತೆ. ಬಿಗಿಯಾದ ನಾಳಗಳ ವಿರುದ್ಧ ತಳ್ಳೋದು ದುರ್ಬಲ ಹೃದಯಕ್ಕೆ ಇನ್ನಷ್ಟು ಭಾರ. ಹಿಡಿದಿಟ್ಟ ನೀರು ಪಾದಕ್ಕೆ, ಶ್ವಾಸಕೋಶಕ್ಕೆ ಇಳಿಯುತ್ತೆ. ಅದಕ್ಕೇ ಸಂಜೆ ಹೊತ್ತಿಗೆ ಚಪ್ಪಲಿ ಬಿಗಿ, ರಾತ್ರಿ ಮಲಗಿದ್ರೆ ಉಸಿರುಕಟ್ಟು. ಬಡಿತ ಜೋರಾದಷ್ಟೂ ಎರಡು ಬಡಿತದ ನಡುವಿನ ಬಿಡುವು ಕಡಿಮೆ. ಎಡಭಾಗದ ಹೃದಯಸ್ನಾಯುವಿಗೆ ತನ್ನ ಪಾಲಿನ ರಕ್ತ ಸಿಗೋದು ಬಹುಪಾಲು ಆ ಬಿಡುವಲ್ಲೇ.

ಈ ಗದ್ದಲಕ್ಕೆ ಹೃದಯವೇ ಬೇಸತ್ತು ಕಿವಿ ಮುಚ್ಚಿಕೊಳ್ಳುತ್ತೆ. 1982ರಲ್ಲಿ ಅಮೆರಿಕದ ಮೈಕಲ್ ಬ್ರಿಸ್ಟೋ ತಂಡ ಸೋತ ಮಾನವ ಹೃದಯಗಳನ್ನ ಪರೀಕ್ಷಿಸಿದಾಗ ಬೀಟಾ ಗ್ರಾಹಕಗಳ ಸಂಖ್ಯೆಯೇ ಇಳಿದಿತ್ತು. 1984ರಲ್ಲಿ ಜೇ ಕೋನ್ ತಂಡ ತೋರಿಸಿದ್ದು ಇನ್ನೂ ನೇರ: ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ರೋಗಿಯ ಆಯಸ್ಸು ಕಡಿಮೆ. ಬ್ರೇಕ್ ಕೂಡ ಸಡಿಲ ಆಗುತ್ತೆ. ಆಗಲೇ ನೋಡಿದ್ರಲ್ಲ, ಉಸಿರಿನ ಜೊತೆ ಏರಿಳಿಯೋ ನಾಡಿ, ಹೃದಯ ವೈಫಲ್ಯ ಇರೋರಲ್ಲಿ ಆ ಏರಿಳಿತ ಮಂಕಾಗುತ್ತೆ.

ಸೋತ ಎತ್ತಿಗೆ ಬಾರುಕೋಲು

ಹಾಗಿದ್ರೆ ಚಿಕಿತ್ಸೆ ಏನಿರಬೇಕು? ಸೋತ ಪಂಪಿಗೆ ಬಲ ಕೊಡಬೇಕು ಅನ್ನೋದು ಯಾರಿಗಾದ್ರೂ ಹೊಳೆಯೋ ಉತ್ತರ. ವೈದ್ಯರಿಗೂ ಹಾಗೇ ಅನ್ಸಿತ್ತು. ಹೃದಯ ಜೋರಾಗಿ ಹಿಂಡೋ ಹಾಗೆ ಮಾಡೋ ಮಿಲ್ರಿನೋನ್ ಅನ್ನೋ ಔಷಧವನ್ನ ಮಾತ್ರೆ ರೂಪದಲ್ಲಿ 1,088 ತೀವ್ರ ರೋಗಿಗಳ ಅಧ್ಯಯನದಲ್ಲಿ ಪರೀಕ್ಷೆ ಮಾಡಿದ್ರು. 1991ರಲ್ಲಿ ಫಲಿತಾಂಶ ಬಂತು. ಔಷಧ ತಗೊಂಡವರಲ್ಲಿ ಸಾವು ಕಡಿಮೆ ಆಗಿರಲಿಲ್ಲ, ಶೇ 28ರಷ್ಟು ಜಾಸ್ತಿ ಆಗಿತ್ತು. ಏರು ಹತ್ತಲಾರದೆ ನಿಂತ ಎತ್ತಿಗೆ ಬಾರುಕೋಲು ಬೀಸಿದ್ರೆ ನಾಲ್ಕು ಹೆಜ್ಜೆ ಇಡುತ್ತೆ, ಆಮೇಲೆ ಕುಸಿಯುತ್ತೆ.

ಅದೇ ಹೊತ್ತಿಗೆ ಉಲ್ಟಾ ದಾರಿ ಹಿಡಿದವರೂ ಇದ್ರು. ಸ್ಕಾಟ್‌ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಬೀಟಾ ಗ್ರಾಹಕಕ್ಕೆ ಅಡ್ಡ ಕೂತು ನಾರ್‌ಅಡ್ರಿನಲಿನ್ ಕೀಲಿ ಹಾಕದ ಹಾಗೆ ಮಾಡೋ ಔಷಧ ಕೊಟ್ಟಿದ್ರು, ಅದೇ ಬೀಟಾ ಬ್ಲಾಕರ್. ಎದೆನೋವಿಗೆ ಅಂತ ಮಾಡಿದ್ದು. 1988ರಲ್ಲಿ ಅವರಿಗೆ ನೊಬೆಲ್ ಸಿಕ್ತು. ಆದ್ರೆ ಪಠ್ಯಪುಸ್ತಕದಲ್ಲಿ ಒಂದು ಎಚ್ಚರಿಕೆ ಇತ್ತು: ಹೃದಯ ವೈಫಲ್ಯ ಇರೋರಿಗೆ ಇದನ್ನ ಕೊಡಬಾರದು. ಮೊದಲೇ ಸೋತ ಹೃದಯ, ಅದರ ಆಕ್ಸಿಲರೇಟರನ್ನೂ ಕಿತ್ಕೊಂಡ್ರೆ ಹೇಗೆ?

1975ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತವರ ಸಂಗಡಿಗರು ಹೃದಯ ಹಿಗ್ಗಿ ಸೋತಿದ್ದ ಏಳು ರೋಗಿಗಳಿಗೆ ಬೀಟಾ ಬ್ಲಾಕರ್ ಕೊಟ್ಟ ವರದಿ ಪ್ರಕಟಿಸಿದ್ರು. ರೋಗಿಗಳು ಸುಧಾರಿಸಿದ್ರು. ಬರೀ ಏಳು ಜನ ಅಂತ ಹೆಚ್ಚಿನವರು ನಂಬಲಿಲ್ಲ. ಒಪ್ಪಿಗೆ ಸಿಗೋಕೆ ಸುಮಾರು ಕಾಲು ಶತಮಾನ ಹಿಡೀತು. 1999ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದ್ವು. ಒಂದರಲ್ಲಿ 2,647 ಜನರಿಗೆ ಬೈಸೊಪ್ರೊಲಾಲ್ ಪರೀಕ್ಷೆ, ಇನ್ನೊಂದರಲ್ಲಿ 3,991 ಜನರಿಗೆ ಮೆಟೊಪ್ರೊಲಾಲ್ ಪರೀಕ್ಷೆ. ಎರಡರಲ್ಲೂ ಸಾವು ಶೇ 34ರಷ್ಟು ಇಳಿದಿತ್ತು. ಲಾಭ ಎಷ್ಟು ಸ್ಪಷ್ಟ ಇತ್ತು ಅಂದ್ರೆ ಎರಡೂ ಅಧ್ಯಯನಗಳನ್ನ ನಿಗದಿಗಿಂತ ಮೊದಲೇ ನಿಲ್ಲಿಸಿದ್ರು.

ಇದು ನಮ್ಮನೆಗೂ ಬಂದ ಕಥೆ

ತಿಪಟೂರು ಕಡೆಯ ನಮ್ಮ ದೊಡ್ಡಪ್ಪನಿಗೆ ಇಎಫ್ 30 ಅಂತ ಬಂದಾಗ ಕೊಟ್ಟ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಒಂದು. ಎರಡು ವಾರ ತಗೊಂಡ್ರು. ‘ಇದನ್ನ ನುಂಗಿದ ಮೇಲೇ ಕಣಮ್ಮ ಸುಸ್ತು ಜಾಸ್ತಿ ಆಗಿರೋದು’ ಅಂದ್ರು. ಮೆಡಿಕಲ್ ಸ್ಟೋರ್‌ನಲ್ಲಿ ಯಾರೋ ‘ಇದು ಬಿಪಿ ಮಾತ್ರೆ, ನಿಮ್ಗೆ ಬಿಪಿ ಎಲ್ಲಿದೆ?’ ಅಂದ್ರಂತೆ. ಅವತ್ತೇ ನಿಲ್ಲಿಸಿಬಿಟ್ರು. ಹತ್ತು ದಿನದ ಮೇಲೆ ಒಂದು ರಾತ್ರಿ ಮಲಗೋಕೇ ಆಗದೆ ಕೂತೇ ಬೆಳಗು ಮಾಡಿದ್ರು, ಕಾಲು ಊದಿತ್ತು, ಆಸ್ಪತ್ರೆಗೆ ಸೇರಿಸಬೇಕಾಯ್ತು. ಅಲ್ಲಿನ ಡಾಕ್ಟರ್ ಅವರಿಗೆ ಹೇಳಿದ ಮಾತು ನನಗೆ ಯಾವ ಲೇಖನಕ್ಕಿಂತ ಚೆನ್ನಾಗಿ ಅರ್ಥ ಆಯ್ತು: ‘ಯಜಮಾನ್ರೇ, ಇದು ಬಿಪಿಗೆ ಕೊಟ್ಟಿರೋದಲ್ಲ. ನಿಮ್ಮ ಹೃದಯಕ್ಕೆ ರಜೆ ಕೊಡೋ ಮಾತ್ರೆ.’

ಇಲ್ಲೇ ಇರೋದು ಕಷ್ಟ. ಈ ಔಷಧ ಮೊದಲ ಕೆಲವು ವಾರ ಸುಸ್ತು ಹೆಚ್ಚಿಸಬಹುದು. ಇಷ್ಟು ದಿನ ಬಾರುಕೋಲಿನ ಏಟಿಗೆ ಓಡ್ತಿದ್ದ ಹೃದಯ ಈಗ ನಿಧಾನಿಸಿದೆ. ಲಾಭ ಕಾಣೋಕೆ ತಿಂಗಳುಗಳು ಬೇಕು: ಹಿಗ್ಗಿದ ಹೃದಯ ನಿಧಾನಕ್ಕೆ ಕುಗ್ಗುತ್ತೆ, ಇಎಫ್ ಏರುತ್ತೆ. ಅದಕ್ಕೇ ವೈದ್ಯರು ತುಂಬಾ ಕಡಿಮೆ ಡೋಸ್‌ನಿಂದ ಶುರು ಮಾಡಿ, ವಾರಗಳ ಅಂತರದಲ್ಲಿ ಏರಿಸ್ತಾರೆ. ಥಟ್ಟನೆ ನಿಲ್ಲಿಸಿದ್ರೆ ತಡೆದಿಟ್ಟ ಅಡ್ರಿನಲಿನ್ ಒಮ್ಮೆಲೇ ನುಗ್ಗುತ್ತೆ, ಅದು ಅಪಾಯ. ಎಲ್ಲರಿಗೂ ಇದು ಹೊಂದಲ್ಲ. ಆಸ್ತಮಾ ಇರೋರು, ನಾಡಿ ಮೊದಲೇ ತೀರಾ ಕಡಿಮೆ ಇರೋರು ಡಾಕ್ಟರಿಗೆ ಹೇಳಲೇಬೇಕು. ದೊಡ್ಡಪ್ಪನಿಗೆ ಮತ್ತೆ ಕಾಲು ಮಾತ್ರೆಯಿಂದ ಶುರು ಮಾಡಿದ್ರು. ಎಂಟು ತಿಂಗಳ ಮೇಲಿನ ಎಕೋದಲ್ಲಿ ಇಎಫ್ 41.

ಬೀಟಾ ಬ್ಲಾಕರ್ ಒಂದೇ ಸಾಲಲ್ಲ. ಇವತ್ತು ನಾಲ್ಕು ಬಗೆಯ ಔಷಧ ಒಟ್ಟಿಗೆ ಕೊಡ್ತಾರೆ. ಇನ್ನೆರಡು ಬಗೆ ಕಿಡ್ನಿಯ ಉಪ್ಪು-ನೀರಿನ ತುರ್ತು ಆಜ್ಞೆಗಳನ್ನ ತಡೀತವೆ. ನಾಲ್ಕನೇದು ಸಕ್ಕರೆ ಕಾಯಿಲೆಗೆ ಅಂತ ಬಂದ ಡಾಪಾಗ್ಲಿಫ್ಲೋಜಿನ್ ಗುಂಪು. ಸಕ್ಕರೆ ಕಾಯಿಲೆ ಇಲ್ಲದ ಹೃದಯ ರೋಗಿಗೂ ಉಪಯೋಗ ಅಂತ 2019ರಲ್ಲಿ ತಿಳೀತು. ನಾಲ್ಕರಲ್ಲಿ ಮೂರು ಬಗೆ ಮಾಡೋದು ಹೆಚ್ಚುಕಮ್ಮಿ ಒಂದೇ ಕೆಲಸ, ದೇಹದ ಸುಳ್ಳು ಎಮರ್ಜೆನ್ಸಿಯನ್ನ ಆಫ್ ಮಾಡೋದು.

ಕರೆಂಟೇ ಕೈಕೊಟ್ಟಾಗ

ಸೋತ ಹೃದಯದಲ್ಲಿ ವೈರಿಂಗ್ ಕೂಡ ಕೆಡುತ್ತೆ. ಕೆಲವರಲ್ಲಿ ಎಡಭಾಗಕ್ಕೆ ಹೋಗೋ ತಂತು ಕಟ್ಟಾಗಿ ಸಂಕೇತ ತಡವಾಗಿ ತಲುಪುತ್ತೆ. ತೇರಿನ ಹಗ್ಗ ಹಿಡಿದವರಲ್ಲಿ ಅರ್ಧ ಜನ ಈಗ ಎಳೆದು, ಇನ್ನರ್ಧ ಜನ ಆಮೇಲೆ ಎಳೆದ್ರೆ ತೇರು ಹೋಗುತ್ತಾ? ಇಸಿಜಿಯಲ್ಲಿ ಆ ಚೂಪು ಶಿಖರ ಅಗಲ ಆಗಿರುತ್ತೆ. ಅಂಥ ಕೆಲವರಿಗೆ ಎಡ-ಬಲ ಎರಡಕ್ಕೂ ಒಟ್ಟಿಗೇ ಸಂಕೇತ ಕೊಡೋ ವಿಶೇಷ ಪೇಸ್‌ಮೇಕರ್ ಹಾಕ್ತಾರೆ.

ಇನ್ನೊಂದು ಅಪಾಯ ದೊಡ್ಡದು. ಸತ್ತ ಸ್ನಾಯುವಿನ ಕಲೆಯ ಸುತ್ತ ಕರೆಂಟ್ ಗಿರಕಿ ಹೊಡೆಯೋಕೆ ಶುರು ಮಾಡಬಹುದು. ಅಡ್ರಿನಲಿನ್ ಅದಕ್ಕೆ ಕಿಡಿ. ಗಿರಕಿ ಕೈಮೀರಿದ್ರೆ ಹೃದಯ ನಡುಗಿ ಕಾರ್ಡಿಯಾಕ್ ಅರೆಸ್ಟ್. ಪಂಪಿನ ಕಾಯಿಲೆ ಇರೋರು ಕರೆಂಟಿನ ಕಾಯಿಲೆಯಿಂದ ಹಠಾತ್ ಸಾಯೋದು ಹೀಗೆ. ಔಷಧ ಕೊಟ್ಟ ಮೇಲೂ ಇಎಫ್ 35 ದಾಟದ ಹಲವರಿಗೆ, ಇಂಥ ಹೊತ್ತಲ್ಲಿ ತಾನೇ ಶಾಕ್ ಕೊಡೋ ಐಸಿಡಿ ಅನ್ನೋ ಉಪಕರಣವನ್ನ ಎದೆಯ ಚರ್ಮದ ಕೆಳಗೆ ಇಡ್ತಾರೆ.

ಮನೇಲಿ ನಿಮ್ಮ ಕೆಲಸ

ನೀವು ಇಪ್ಪತ್ತರ ಆಸುಪಾಸಿನವರು, ನಿಮಗಿದು ಯಾಕೆ? ಯಾಕಂದ್ರೆ ಬಹಳ ಮನೆಗಳಲ್ಲಿ ಅಪ್ಪ-ಅಮ್ಮ, ಅಜ್ಜಿ-ತಾತನ ರಿಪೋರ್ಟ್ ಓದೋದು, ಮಾತ್ರೆ ತರೋದು ನೀವೇ. ಹಾಗಾಗಿ ಇಷ್ಟು ನೋಡ್ಕೊಳ್ಳಿ.

ದಿನಾ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎರಡು-ಮೂರು ದಿನದಲ್ಲಿ 2 ಕೆ.ಜಿ. ಏರಿದ್ರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಿ. ದಿಂಬು ಒಂದರಿಂದ ಎರಡು, ಎರಡರಿಂದ ಮೂರು ಆಗ್ತಿದೆಯಾ, ಮಲಗಿದ್ರೆ ಕೆಮ್ಮಾ, ಗಮನಿಸಿ. ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ತಿಂಡಿಯಲ್ಲಿರೋ ಉಪ್ಪೂ ಲೆಕ್ಕಕ್ಕೆ ಬರುತ್ತೆ. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಕೇಳದೇ ಕೊಡಬೇಡಿ, ಅವು ಉಪ್ಪು-ನೀರು ಹಿಡಿದಿಡ್ತವೆ. ಸ್ಮಾರ್ಟ್‌ವಾಚ್ ನಾಡಿ ಹೇಳುತ್ತೆ, ಇಎಫ್ ಹೇಳಲ್ಲ. ಅದನ್ನ ನೋಡಿ ಮಾತ್ರೆ ಹೆಚ್ಚುಕಮ್ಮಿ ಮಾಡೋದು ಬೇಡ.

ಎಲ್ಲಕ್ಕಿಂತ ಮುಖ್ಯ, ‘-ಲಾಲ್’ ಅಂತ ಕೊನೆಯಾಗೋ ಮಾತ್ರೆಯನ್ನ ಮನೇಲಿ ಯಾರಾದ್ರೂ ‘ಸುಸ್ತಾಗುತ್ತೆ, ಬಿಡ್ತೀನಿ’ ಅಂದ್ರೆ ಅವರ ಜೊತೆ ಜಗಳ ಬೇಡ. ಸುಸ್ತು ನಿಜ ಅಂತ ಒಪ್ಪಿಕೊಳ್ಳಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಡೋಸ್ ಸರಿ ಮಾಡಿಸಿ. ಅವರಾಗೇ ನಿಲ್ಲಿಸೋಕೆ ಮಾತ್ರ ಬಿಡಬೇಡಿ.

ಈ ಸಂಚಿಕೆ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಮಾಡಿ, ಮುಂದಿನ ವಾರ ಅವುಗಳಿಂದಲೇ ಶುರು ಮಾಡ್ತೀನಿ.